ಕಸ್ತೂರಿಯ ಎದೆಬಡಿತ

ಯಾವುದನ್ನೇ ಆಗಲಿ ಅಳೆದು ನೋಡದೆ ನಂಬದಿರುವುದು ನನ್ನ ಸ್ವಭಾವ. ಸ್ವಭಾವ ಎಂದು ನಾನು ಕರೆಯುತ್ತೇನೆ, ಮನೆಯವರು ರೋಗ ಎನ್ನುತ್ತಾರೆ. ಚಹಾ ಬಿಸಿ ಇದೆ, ಊದಿಕೊಂಡು ಕುಡಿಯಿರಿ ಎಂದು ಹೆಂಡತಿ ಮಹಾದೇವಿ ಹೇಳಿದರೆ ನಾನು ಥರ್ಮಾಮೀಟರ್ ಹುಡುಕಲು ಹೊರಡುತ್ತೇನೆ. ಅದು ಸಿಗುವಷ್ಟರಲ್ಲಿ ಚಹಾ ಆರಿ, ಆಕೆ ಹೇಳಿದ್ದು ಸುಳ್ಳೆಂದು ವೈಜ್ಞಾನಿಕವಾಗಿ ಸಿದ್ಧವಾಗುತ್ತದೆ. ಹೀಗೆ ಎಷ್ಟೋ ಸಲ ಗೆದ್ದು ತಣ್ಣನೆಯ ಚಹಾ ಕುಡಿದಿದ್ದೇನೆ. ಚಿಕ್ಕೋಡಿಯ ಒಂದು ತಾಂತ್ರಿಕ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ನನಗೆ ನೌಕರಿ. ದಿನಾ ಕರೋಶಿಯಿಂದ ಹೋಗಿ ಬರುತ್ತೇನೆ. ಅಲ್ಲಿ ವಿದ್ಯುತ್ತಿನ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಎಂಬ ಯಂತ್ರವೊಂದಿದೆ. ಅದನ್ನು ನಾವು ಮುಟ್ಟುವುದು ವರ್ಷಕ್ಕೊಮ್ಮೆ, ಖಂಡೇನವಮಿಯ ದಿನ, ಆಯುಧಪೂಜೆಗೆಂದು ಕುಂಕುಮ ಹಚ್ಚಲಿಕ್ಕೆ. ಹಚ್ಚಿ ಹಚ್ಚಿ ಅದರ ಗುಂಡಿಗಳೆಲ್ಲ ಬಿಗಿದುಕೊಂಡಿವೆ, ಯಾವ ಅಲೆ ಕೊಟ್ಟರೂ ಅದು ಒಂದೇ ನೇರ ಗೆರೆ ತೋರಿಸುತ್ತದೆ. ಹುಡುಗರು ಅದನ್ನೇ ವಹಿಯಲ್ಲಿ ಬರೆದುಕೊಂಡು ಪಾಸಾಗುತ್ತಾರೆ.

ಮನೆಯಲ್ಲಾದರೂ ಒಂದು ನಿಜವಾದ ಅಲೆ ನೋಡಬೇಕೆಂಬ ಆಸೆಯಿಂದ ನಾನು ಅಂತರ್ಜಾಲದಲ್ಲಿ ಹುಡುಕತೊಡಗಿದೆ. ಯಾರೋ ಪುಣ್ಯಾತ್ಮರು ಎಲ್ಲೆಲ್ಲೋ ಕೂತು, ಅಲೆಗಳನ್ನು ಬಿಡಿಸಿ ನೋಡುವ ಸಾಫ್ಟ್‌ವೇರ್ ಒಂದನ್ನು ಬರೆದು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟಿದ್ದಾರೆ. ಅದರ ಒಳಗೇನಿದೆ ಎಂಬುದೂ ಬಹಿರಂಗ; ಬೇಕಾದವರು ತೆರೆದು ನೋಡಬಹುದು, ತಿಳಿದವರು ತಿದ್ದಬಹುದು. ಆದರೆ ಕಂಡ ಕಂಡ ಯಂತ್ರವೆಲ್ಲ ಅದಕ್ಕೆ ಒಗ್ಗುವುದಿಲ್ಲ. ಯಾವ ಮೀಟರು, ಯಾವ ಪೆಟ್ಟಿಗೆ, ಯಾವ ತಕ್ಕಡಿ ಒಗ್ಗುತ್ತದೆ ಎಂದು ಅವರೇ ಉದ್ದನೆಯ ಯಾದಿ ಹಾಕಿದ್ದಾರೆ. ನಮ್ಮ ಕಡೆ ಮದುವೆಗೆ ಮುಂಚೆ ಎರಡೂ ಮನೆಯ ಹಿರಿಯರು ಕೂತು ಯಾದಿ ಮಾಡುತ್ತಾರಲ್ಲ, ಯಾದಿಯಲ್ಲಿ ಇಲ್ಲದ್ದನ್ನು ಆಮೇಲೆ ಯಾರೂ ಕೇಳುವಂತಿಲ್ಲ, ಅಂಥದೇ ಇದು. ಎಷ್ಟೋ ಸಂಜೆ ನಾನು ಅದನ್ನೇ ಓದಿದೆ. ನಮ್ಮ ಮದುವೆಯ ಯಾದಿಯನ್ನು ನೀವು ಇಷ್ಟು ಕಾಳಜಿಯಿಂದ ಓದಿರಲಿಲ್ಲ ಎಂದು ಮಹಾದೇವಿ ಅಂದಳು. ಕೊನೆಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆಯೊಂದನ್ನು ತರಿಸಿದೆ. ಅದರ ಒಂದು ಬಾಲ ಲ್ಯಾಪ್‌ಟಾಪಿಗೆ, ಇನ್ನೆರಡು ಬಾಲಗಳ ತುದಿಗೆ ಕಚ್ಚಿಕೊಳ್ಳುವ ಕ್ಲಿಪ್ಪುಗಳು. ಲ್ಯಾಪ್‌ಟಾಪು ಅದನ್ನು ಕೂಡಲೇ ಗುರುತು ಹಿಡಿಯಿತು. ಈ ಮನೆಯಲ್ಲಿ ನನ್ನನ್ನು ಅಷ್ಟು ಬೇಗ ಯಾರೂ ಗುರುತು ಹಿಡಿದದ್ದಿಲ್ಲ. ತೊಂದರೆ ಏನೆಂದರೆ, ಪೆಟ್ಟಿಗೆ ಬಂದಾಗ ಅಳೆದು ನೋಡಲು ಮನೆಯಲ್ಲಿ ಏನೂ ಕೆಟ್ಟಿರಲಿಲ್ಲ. ಏನಾದರೂ ಕೆಡಲಿ ಎಂದು ಕಾಯುತ್ತ ಕೂತೆ.

ಕೆಟ್ಟದ್ದು ಎಮ್ಮೆ. ನಮ್ಮ ಕಸ್ತೂರಿ ಮಹಾದೇವಿಯ ತವರಿನವಳು. ಆಕೆ ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಬರುವಾಗ, ಮೊಮ್ಮಗಳಿಗೆ ಹಾಲು ಕಡಿಮೆಯಾಗಬಾರದೆಂದು ಭೋಜದ ಮಾವನವರು ಇವಳನ್ನು ಜೊತೆಗೆ ಕಳಿಸಿದ್ದರು. ಗಡಿಯ ಊರಿನ ಎಮ್ಮೆ, ಅವಳಿಗೆ ಮರಾಠಿ ಮಾತ್ರ ತಿಳಿಯುತ್ತದೆ. ಮಹಾದೇವಿ ‘ಉಭೀ ರಾ ಬಾಯಿ’ ಅಂದರೆ ಕಲ್ಲಿನಂತೆ ನಿಲ್ಲುತ್ತಾಳೆ. ನಾನು ಅಚ್ಚ ಕನ್ನಡದಲ್ಲಿ ನಿಲ್ಲು ಅಂದರೆ ಬಾಲದಿಂದ ಮುಖಕ್ಕೆ ಹೊಡೆಯುತ್ತಾಳೆ. ಮಾವನವರು ತೀರಿಕೊಂಡ ಮೇಲೆ ಅವರ ನೆನಪಿಗೆಂದು ಮಹಾದೇವಿಯ ಪಾಲಿಗೆ ಉಳಿದದ್ದು ಈ ಎಮ್ಮೆ ಒಂದೇ. ಅಂಥ ಕಸ್ತೂರಿ ಇದ್ದಕ್ಕಿದ್ದಂತೆ ಹಾಲು ಇಳಿಸುವುದನ್ನು ನಿಲ್ಲಿಸಿದಳು. ಚರಿಗೆ ತುಂಬುತ್ತಿದ್ದವಳು ತಳ ಒದ್ದೆಯಾಗುವಷ್ಟೂ ಕೊಡಲೊಲ್ಲಳು. ಹಿಂಡಲು ಕೂತರೆ ಒಂದು ಕಾಲು ಎತ್ತುವಳು, ಇಡುವಳು, ಇನ್ನೊಂದು ಎತ್ತುವಳು. ನನ್ನ ಅವ್ವನ ಲೆಕ್ಕ ನೇರವಾದದ್ದು: ಹಾಲು ಕೊಡದ ಎಮ್ಮೆಗೆ ಹಿಂಡಿ ಹಾಕುವುದು ದಂಡ, ಬರುವ ಸಂತೆಗೆ ಮಾರಿಬಿಡುವುದು. ನಮ್ಮ ಓಣಿಯ ಬಾಳು ಕಾಕಾ ದನದ ದಲಾಲಿ, ಅವರಿಗೆ ಹೇಳಿಯೂ ಕಳಿಸಿದಳು. ಮಹಾದೇವಿ ಅತ್ತೆಯ ಎದುರಿನಿಂದ ಎದ್ದು ಹೋದಳು. ಕೊಟ್ಟಿಗೆಯಲ್ಲಿ ಎಮ್ಮೆಯ ಕೊರಳು ತುರಿಸುತ್ತ ಅಳುತ್ತಿದ್ದುದನ್ನು ನಾನೇ ನೋಡಿದೆ. ಸಂತೆ ಬರುವುದರೊಳಗೆ ಕಾರಣ ಹುಡುಕಿ ಕೊಡುತ್ತೇನೆ, ಕಸ್ತೂರಿ ಎಲ್ಲಿಗೂ ಹೋಗುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ.

ಕಾರಣ ಹೇಳುವವರಿಗೇನೂ ಬರವಿರಲಿಲ್ಲ. ಅವ್ವ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಇಡೀ ಮನೆ ಕೆಮ್ಮಿತು, ಎಮ್ಮೆಯೊಂದು ಕೆಮ್ಮಲಿಲ್ಲ. ದನದ ಡಾಕ್ಟರು ಬಂದು ಒಂದು ಸೂಜಿ ಮಾಡಿ, ಇದಕ್ಕೆ ಸ್ಟ್ರೆಸ್ ಆಗಿದೆ ಎಂದು ಹೋದರು. ಸ್ಟ್ರೆಸ್ ಅಂದರೆ ಮನಸ್ಸಿನ ಒತ್ತಡ ಎಂದು ನಾನು ಬಿಡಿಸಿ ಹೇಳಿದೆ. ಬೆಳಿಗ್ಗೆ ತಿಂದು, ಮಧ್ಯಾಹ್ನ ಮಲಗಿ, ಸಂಜೆ ಮತ್ತೆ ತಿನ್ನುವವಳಿಗೆ ಎಂಥ ಒತ್ತಡ, ಹಾಗಾದರೆ ನನಗೇಕೆ ಆಗಿಲ್ಲ ಎಂದು ಅವ್ವ ಕೇಳಿದಳು. ಈ ನಡುವೆ ಮಹಾದೇವಿ ಇನ್ನೊಂದು ದೂರು ತಂದಳು. ಹಾಲು ಹಿಂಡಲು ಕೂತಾಗ ಅವಳ ಪಾದಗಳಲ್ಲಿ ಇರುವೆ ಹರಿದಂತಾಗುತ್ತದಂತೆ. ಅದು ಜೀವಸತ್ವದ ಕೊರತೆ ಎಂದು ನಾನು ಕೂತಲ್ಲೇ ನಿರ್ಣಯಿಸಿ, ನಿಪ್ಪಾಣಿಗೆ ಹೋದಾಗ ದೊಡ್ಡ ಬಾಟಲಿ ಟಾನಿಕ್ ತಂದುಕೊಟ್ಟೆ. ಜೀವಮಾನದಲ್ಲಿ ಅಳೆಯದೆ ನಂಬಿದ್ದು ಇದೊಂದನ್ನೇ.

ಇಲ್ಲೊಂದು ಅಡ್ಡ ಮಾತು ಹೇಳಿಬಿಡುತ್ತೇನೆ. ಇದಕ್ಕೂ ಎಮ್ಮೆಗೂ ಸಂಬಂಧವಿಲ್ಲ ಎಂದು ಆಗ ನಾನು ತಿಳಿದಿದ್ದೆ. ಆ ತಿಂಗಳೇ ನಾನು ಹಿತ್ತಲ ಬದನೆ ಗಿಡಗಳನ್ನು ಓಣಿಯ ಹಂದಿಗಳಿಂದ ಕಾಯಲು ಸುತ್ತ ತಂತಿ ಎಳೆದು ಝಟಕಾ ಮಷೀನು ಕೂರಿಸಿದ್ದೆ. ಹೊಲಗಳಿಗೆ ಕಾಡುಹಂದಿ ನುಗ್ಗದಂತೆ ಹಾಕುತ್ತಾರಲ್ಲ, ಅದೇ. ಬ್ಯಾಟರಿಯ ಮೇಲೆ ನಡೆಯುವ ಡಬ್ಬಿ ಟಕ್, ಟಕ್ ಎನ್ನುತ್ತ ತಂತಿಗೆ ಕ್ಷಣಕ್ಕೊಂದು ಸಣ್ಣ ಪೆಟ್ಟು ಕಳಿಸುತ್ತದೆ. ಮುಟ್ಟಿದ ಪ್ರಾಣಿ ಸಾಯುವುದಿಲ್ಲ, ಮರ್ಯಾದೆ ಕಲಿಯುತ್ತದೆ. ಅದರ ಅರ್ಥಿಂಗ್ ಸರಳನ್ನು ಸದಾ ತೇವವಿರುವ ನೆಲದಲ್ಲಿ ಹುಗಿಯಬೇಕೆಂದು ಜೊತೆಗೆ ಬಂದ ಹಾಳೆಯಲ್ಲಿತ್ತು. ಕೊಟ್ಟಿಗೆಯಲ್ಲಿ ಕಸ್ತೂರಿಯ ಗಂಜಲ ಹರಿದುಹೋಗುವ ಮೂಲೆಗಿಂತ ತೇವದ ಜಾಗ ಇಡೀ ಕರೋಶಿಯಲ್ಲಿರಲಿಲ್ಲ, ಅಲ್ಲೇ ಹುಗಿದೆ. ಕೆಲವು ದಿನ ಆ ಟಕ್ ಟಕ್ ಕೇಳಿಸಿತು, ಆಮೇಲೆ ಗೋಡೆಯ ಗಡಿಯಾರದ ಸದ್ದಿನಂತೆ ಯಾರ ಕಿವಿಗೂ ಬೀಳದಾಯಿತು. ಮಹಾದೇವಿ ಮಾತ್ರ ಆ ತಂತಿಯನ್ನು ಬಟ್ಟೆ ಒಣಗಿಸಲೆಂದೇ ನಾನು ಎಳೆದದ್ದೆಂಬಂತೆ ಬಳಸುತ್ತಿದ್ದಳು. ಹೊತ್ತೇರಿದ ಮೇಲೆ ಡಬ್ಬಿ ಬಂದ್ ಮಾಡಿ ಸೀರೆ, ಧೋತರ ಹರವುತ್ತಿದ್ದಳು. ಸಂಜೆ ಹಾಲು ಹಿಂಡುವ ಮುಂಚೆ ಅವನ್ನೆಲ್ಲ ತೆಗೆದು ಮತ್ತೆ ಚಾಲೂ ಮಾಡುತ್ತಿದ್ದಳು.

ಮಾತು ಕೊಟ್ಟ ಮರುದಿನ ಬೆಳಿಗ್ಗೆ ನಾನು ಲ್ಯಾಪ್‌ಟಾಪನ್ನು ಕೊಟ್ಟಿಗೆಗೆ ಒಯ್ದು ಮೇವಿಗಿಟ್ಟ ಜೋಳದ ಕಣಿಕೆಯ ಸಿವುಡಿನ ಮೇಲೆ ಇಟ್ಟೆ. ಒಂದು ಕ್ಲಿಪ್ಪನ್ನು ಕಸ್ತೂರಿಯ ಕೊರಳ ಸರಪಳಿಗೆ ಕಚ್ಚಿಸಿ, ಇನ್ನೊಂದನ್ನು ಒದ್ದೆ ನೆಲಕ್ಕೆ ಬಡಿದ ಮೊಳೆಗೆ ಕಚ್ಚಿಸಿದೆ. ಎಮ್ಮೆಯ ಮೈಯೊಳಗೆ ಏನು ನಡೆದಿದೆ ಎಂಬುದು ಅಲೆಯಲ್ಲಿ ಕಾಣಬೇಕೆಂದು ನನ್ನ ಉಪಾಯ. ಪರದೆಯ ಮೇಲೆ ಗೆರೆ ಹರಿಯಿತು, ಒಮ್ಮೆಲೇ ಚಿಮ್ಮಿತು, ಮಲಗಿತು, ಮತ್ತೆ ಚಿಮ್ಮಿತು. ಕ್ಷಣಕ್ಕೊಂದು ಮೊನೆ, ಎಲ್ಲಕ್ಕೂ ಒಂದೇ ಅಂತರ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ನೋಡಿದ್ದೇ ಇದು, ಎಮ್ಮೆಯ ಹೃದಯ. ಅವ್ವನನ್ನು ಕರೆದು ತೋರಿಸಿದೆ, ಅವ್ವ ಕೈಮುಗಿದಳು. ಬಾಳು ಕಾಕಾ ಬಂದು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೃದಯ ಇಷ್ಟು ಗಟ್ಟಿಯಿದ್ದರೆ ಹಾಲು ಯಾಕಿಲ್ಲ ಎಂಬ ನನ್ನ ಪ್ರಶ್ನೆ ಅವರಿಗೆ ಬೇಕಿರಲಿಲ್ಲ. “ಮಾಸ್ತರ, ಇದರ ಫೋಟೋ ತಗದ ಕೊಡ್ರಿ. ಇಂಥಾ ಎದಿ ಐತಿ ಅಂತ ತೋರಿಸಿದ್ರ ಅಥಣಿ ಗಿರಾಕಿ ಕಣ್ಣ ಮುಚ್ಚಿ ಒಯ್ತಾನ” ಎಂದರು. ಮಾರಾಟ ತಪ್ಪಿಸಲು ಹೋದವನು ಮಾಲಿಗೆ ಸರ್ಟಿಫಿಕೇಟು ಕೊಟ್ಟಂತಾಯಿತು. ಆಗ ಮಹಾದೇವಿ ನನ್ನನ್ನು ನೋಡಿದ ನೋಟವನ್ನು ಅಳೆಯುವ ಯಂತ್ರ ಆ ಯಾದಿಯಲ್ಲಿಲ್ಲ.

ಮರುದಿನ ಇದಕ್ಕಿಂತ ದೊಡ್ಡ ಅನಾಹುತವಾಯಿತು. ಬೆಳಿಗ್ಗೆ ಕಸ್ತೂರಿಯನ್ನು ನೀರಿಗೆ ಬಿಟ್ಟಿದ್ದರು. ಕೊರಳಿನಿಂದ ಕಳಚಿದ ಸರಪಳಿ ನೆಲದ ಮೇಲೆ ಬಿದ್ದಿತ್ತು, ಕ್ಲಿಪ್ಪು ಅದಕ್ಕೆ ಕಚ್ಚಿಕೊಂಡೇ ಇತ್ತು, ಪರದೆಯಲ್ಲಿ ಹೃದಯ ಬಡಿಯುತ್ತಲೇ ಇತ್ತು. ಎಮ್ಮೆ ಅಂಗಳದಲ್ಲಿ ನೀರು ಕುಡಿಯುತ್ತಿದೆ, ಹೃದಯ ಕೊಟ್ಟಿಗೆಯಲ್ಲಿದೆ. ವಿಜ್ಞಾನ ಬಲ್ಲ ಮನುಷ್ಯ ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ನಾನು ಅವ್ವನನ್ನು ಕರೆದೆ. ಅವ್ವ ಪರದೆ ನೋಡಿದಳು, ಖಾಲಿ ಕೊಟ್ಟಿಗೆ ನೋಡಿದಳು, ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದಳು: “ಇದು ಎಮ್ಮಿದಲ್ಲೋ ಬಸು. ನೆಲದಾಗ ತಾಯಿ ಅದಾಳ. ಆಕಿ ಎದಿ ಬಡ್ಯಾಕತ್ತೈತಿ.”

ಹಗಲೆಲ್ಲ ಲ್ಯಾಪ್‌ಟಾಪ್ ಮುಚ್ಚಿಟ್ಟು ನಾನು ಕಾಲೇಜಿಗೆ ಹೋಗುತ್ತಿದ್ದೆ; ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ನನ್ನ ಮೊಳೆಗೆ ಅರಿಷಿಣ ಕುಂಕುಮ ಬಿತ್ತು, ಸುತ್ತ ನಿಂಬೆಹಣ್ಣು ಬಂದವು. ಹೆಂಗಸರು ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಆರತಿ ಹಾಡಿದರು. ತಾಯಿ ಯಾವ ಭಾಷೆಯವಳೆಂದು ಯಾರಿಗೂ ಖಾತ್ರಿ ಇರಲಿಲ್ಲ. ಯಾರೋ ಕಾಯಿ ಒಡೆದರು, ಅದರ ನೀರು ಮೊಳೆಯ ಬುಡಕ್ಕೆ ಹರಿದದ್ದೇ ತಡ ಪರದೆಯ ಮೊನೆ ಇನ್ನಷ್ಟು ಎತ್ತರ ಚಿಮ್ಮಿತು. ಎಲ್ಲರೂ ನನ್ನ ಕಡೆ ತಿರುಗಿದರು. ಒದ್ದೆಯಾದರೆ ವಿದ್ಯುತ್ತು ಚೆನ್ನಾಗಿ ಹರಿಯುತ್ತದೆ ಎಂದು ಹೇಳಬೇಕಿತ್ತು. ಹೇಳಿದರೆ ಎಲ್ಲಿಂದ ಹರಿಯುತ್ತದೆ ಎಂದು ಕೇಳುತ್ತಿದ್ದರು, ಅದು ನನಗೇ ಗೊತ್ತಿರಲಿಲ್ಲ. ಆದ್ದರಿಂದ ನಾನೂ ಕೈಮುಗಿದೆ. ಇದರಿಂದ ಕಸ್ತೂರಿಯ ಗತಿ ಮಾತ್ರ ಪಕ್ಕಾ ಆಯಿತು. ತಾಯಿ ನೆಲೆಸಿದ ಜಾಗದಲ್ಲಿ ಎಮ್ಮೆ ಸಗಣಿ ಹಾಕುವುದೆಂದರೇನು, ಹಾಲು ನಿಂತದ್ದೂ ಅದಕ್ಕೇ, ಇನ್ನು ಅವಳು ಸಂತೆಗೆ ಹೋಗಲೇಬೇಕು ಎಂದು ಅವ್ವ ತೀರ್ಪು ಕೊಟ್ಟಳು. ಆ ರಾತ್ರಿ ಊಟಕ್ಕೆ ಬಡಿಸಲು ಮಹಾದೇವಿ ಬಂದಳು. “ಕಸ್ತೂರಿ ಹೋದ ಮ್ಯಾಲ ಆ ಲ್ಯಾಪ್‌ಟಾಪ್ ಹಿಂಡ್ಕೊಂಡ ಚಾ ಕುಡೀರಿ” ಎಂದು ರೊಟ್ಟಿಯನ್ನು ತಟ್ಟೆಗೆ ಹಾಕಿ ಹೋದಳು.

ಸಂತೆಯ ದಿನ ಬೆಳಕು ಹರಿಯುವ ಹೊತ್ತಿಗೆ ಬಾಳು ಕಾಕಾ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದರು. ತಾಯಿಯ ದರ್ಶನಕ್ಕೆಂದು ಹೆಂಗಸರೂ ಬಂದಿದ್ದರು. ನಾನು ಲ್ಯಾಪ್‌ಟಾಪಿನ ಪಕ್ಕ ಪೂಜಾರಿಯ ಹಾಗೆ ಕೂತಿದ್ದೆ. ಮಹಾದೇವಿಗೆ ದುಃಖವಾದರೆ ಬಟ್ಟೆ ಒಗೆಯುತ್ತಾಳೆ. ಆವತ್ತು ಬೇಗ ಎದ್ದು ಮನೆಯವರೆಲ್ಲ ಹೊದೆಯುವ ಕೌದಿಗಳನ್ನು ಒಗೆದು, ಹೆಗಲ ಮೇಲೆ ಹೇರಿಕೊಂಡು ಹಿತ್ತಲಿಗೆ ಹೋದಳು. ಇಲ್ಲಿ ಪರದೆಯಲ್ಲಿ ಎದೆ ಬಡಿಯುತ್ತಿತ್ತು, ಬಡಿಯುತ್ತಿತ್ತು, ನಿಂತುಬಿಟ್ಟಿತು. ಬರೀ ನೇರ ಗೆರೆ. ಅವ್ವ ಕಂಬ ಹಿಡಿದುಕೊಂಡಳು, ಬಾಳು ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದರು. ದೇವರಿಗೇ ಹೀಗಾದರೆ ಯಾರಿಗೆ ಹೇಳಿ ಕಳಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಮಹಾದೇವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಯಾರ ಕಡೆಗೂ ನೋಡದೆ, ಚರಿಗೆ ತೆಗೆದುಕೊಂಡು ಕಡೆಯ ಸಲವೆಂದು ಕಸ್ತೂರಿಯ ಪಕ್ಕ ಕೂತಳು. ಉಭೀ ರಾ ಬಾಯಿ, ಅಂದಳು. ಕಸ್ತೂರಿ ಕಾಲು ಎತ್ತಲಿಲ್ಲ. ಚರಿಗೆಯ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿಸಿತು, ಆಮೇಲೆ ಹಾಲಿನ ಮೇಲೆ ಹಾಲು ಬಿದ್ದ ಸದ್ದು. ನೊರೆ ಕಂಠಕ್ಕೆ ಬಂತು. ಮಹಾದೇವಿ ಅಳುತ್ತಲೇ ಹಿಂಡಿದಳು.

“ಈಗ ಹಿತ್ತಲದಾಗ ಏನ ಮಾಡಿ ಬಂದಿ ನೀ?” ಎಂದು ಕೇಳಿದೆ.

“ಏನ ಮಾಡ್ಲಿ? ಕೌದಿ ಹಾಕಾಕ ಆ ಟಕ್‌ಟಕ್ ಡಬ್ಬಿ ಬಂದ್ ಮಾಡಿ ಬಂದೇನಿ.”

ಅಲ್ಲಿಗೆ ಸುಮ್ಮನಿದ್ದರೆ ಜಾಣನಾಗುತ್ತಿದ್ದೆ. ಆದರೆ ಅಳೆಯದೆ ನಂಬುವುದು ಹೇಗೆ? ಹಿತ್ತಲಿಗೆ ಓಡಿ, ಕೌದಿಗಳ ನಡುವೆ ನುಗ್ಗಿ, ಡಬ್ಬಿ ಚಾಲೂ ಮಾಡಿ ಓಡಿ ಬಂದೆ. ಪರದೆಯಲ್ಲಿ ಎದೆ ಬಡಿಯಿತು, ಕಸ್ತೂರಿ ಒದ್ದಳು, ತುಂಬಿದ ಚರಿಗೆ ನನ್ನ ಮೈಮೇಲೆ ಬಂತು. ಮತ್ತೆ ಓಡಿ ಬಂದ್ ಮಾಡಿದೆ, ಗೆರೆ ಮಲಗಿತು, ಎಮ್ಮೆ ತಣ್ಣಗಾದಳು. ಒಂದೇ ಸಲದ ಪ್ರಯೋಗಕ್ಕೆ ಬೆಲೆಯಿಲ್ಲ ಎಂದು ಇನ್ನೊಮ್ಮೆ ಹೊರಟಾಗ ಬಾಳು ಕಾಕಾ ತೋಳು ಹಿಡಿದು ಕೂರಿಸಿದರು. ಮೈತುಂಬ ಹಾಲು ಸುರಿಯುತ್ತಿದ್ದಂತೆ ಎಲ್ಲವೂ ನನ್ನ ತಲೆಗೆ ಹತ್ತಿತು. ಬದನೆ ಗಿಡಗಳು ಬೆಳೆದು ತಂತಿಗೆ ಆತುಕೊಂಡಿದ್ದವು. ಹಂದಿಗೆಂದು ಕಳಿಸಿದ ಪೆಟ್ಟು ಅವುಗಳ ಮೂಲಕ ನೆಲಕ್ಕಿಳಿದು, ಡಬ್ಬಿಗೆ ಮರಳಲು ನಾನು ಹುಗಿದ ಸರಳಿನತ್ತ ಹರಿಯುತ್ತ ಎಮ್ಮೆಯ ಕಾಲಿಗೂ ಹೆಂಡತಿಯ ಪಾದಕ್ಕೂ ಮುಟ್ಟುತ್ತಿತ್ತು. ಹಂದಿಗಳು ಮಾತ್ರ ಹಗಲು ಹೊತ್ತಿನಲ್ಲಿ ಬಂದು, ನಮ್ಮ ಸೀರೆ ಧೋತರಗಳ ನೆರಳಿನಲ್ಲಿ ಬದನೆಕಾಯಿ ತಿಂದು ಹೋಗುತ್ತಿದ್ದವು.

ಅವ್ವ ಟೆಂಪೋ ತಿರುಗಿಸಲು ಹೇಳಿದಳು. ಆದರೆ ನನ್ನ ವಿವರಣೆಯಲ್ಲಿ ಅವಳು ಒಪ್ಪಿದ್ದು ಅರ್ಧ. ತಾಯಿ ನೆಲದಲ್ಲಿಲ್ಲ, ಡಬ್ಬಿಯಲ್ಲಿದ್ದಾಳೆ ಎಂಬುದಷ್ಟೇ ಅವಳಿಗೆ ಖಾತ್ರಿಯಾದದ್ದು. ಈಗ ಝಟಕಾ ಮಷೀನು ಗೋಡೆಯ ಗೂಡಿನಲ್ಲಿ ಅರಿಷಿಣ ಕುಂಕುಮ ಹಚ್ಚಿಕೊಂಡು ಕೂತಿದೆ. ತಾಯಿ ಮಲಗಿದ್ದಾಳೆ, ಎಬ್ಬಿಸಬಾರದೆಂದು ಯಾರೂ ಅದರ ಗುಂಡಿ ಮುಟ್ಟುವಂತಿಲ್ಲ. ಕಾಲೇಜಿನ ಆಸಿಲೋಸ್ಕೋಪಿಗೆ ಒಂದು ಜೊತೆ ಸಿಕ್ಕಂತಾಯಿತು. ಅರ್ಥಿಂಗ್ ಸರಳನ್ನು ನಾನೊಬ್ಬನೇ ಕಿತ್ತೆ, ಯಾರೂ ಕೈಹಚ್ಚಲಿಲ್ಲ. ಮಹಾದೇವಿಯ ಪಾದದ ಇರುವೆ ಅಂದೇ ಹೋಯಿತು. ಮಿಕ್ಕ ಟಾನಿಕ್ಕನ್ನು ಚೆಲ್ಲುವುದೇಕೆಂದು ದಿನಾ ಊಟವಾದ ಮೇಲೆ ನನಗೆ ಕುಡಿಸುತ್ತಿದ್ದಾಳೆ. ಬಹಳ ಕಹಿ.

ಕಸ್ತೂರಿ ಮತ್ತೆ ಚರಿಗೆ ತುಂಬ ಹಾಲು ಕೊಡುತ್ತಾಳೆ. ಆದರೆ ಕೊಟ್ಟಿಗೆಯ ಬಾಗಿಲಲ್ಲಿ ನನ್ನ ನೆರಳು ಬಿದ್ದರೆ ಸಾಕು, ಕಾಲು ಎತ್ತಿ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಅವಳಿಗೆ ಅವ್ವ ಒಗ್ಗುತ್ತಾಳೆ, ಮಗಳು ಒಗ್ಗುತ್ತಾಳೆ, ಮಾರಿಸಲು ಬಂದಿದ್ದ ಬಾಳು ಕಾಕಾ ಕೂಡ ಒಗ್ಗುತ್ತಾರೆ. ಆ ಯಾದಿಯಲ್ಲಿ ನನ್ನದೊಂದು ಹೆಸರಿಲ್ಲ. ಆದ್ದರಿಂದ ಬೆಳಿಗ್ಗೆ ಸಂಜೆ ಹಾಲು ಹಿಂಡುವ ಹೊತ್ತಿಗೆ ನಾನು ಗೇಟಿನಾಚೆ ರಸ್ತೆಯಲ್ಲಿ ನಿಲ್ಲುತ್ತೇನೆ. ಹೊರಗ ಅದೀರೇನ್ರಿ ಎಂದು ಮಹಾದೇವಿ ಒಳಗಿನಿಂದ ಕೂಗುತ್ತಾಳೆ, ಅದೇನಿ ಎನ್ನುತ್ತೇನೆ, ಆಮೇಲೆ ಚರಿಗೆಯ ಸದ್ದು ಶುರುವಾಗುತ್ತದೆ. ಗೇಟಿನಿಂದ ಎಷ್ಟು ದೂರ ನಿಂತರೆ ಹಾಲು ಇಳಿಯುತ್ತದೆ ಎಂಬುದನ್ನು ಮಾತ್ರ ಟೇಪು ಹಿಡಿದು ಅಳೆದು ಇಟ್ಟುಕೊಂಡಿದ್ದೇನೆ.