ಬೂರಾವಿಯವರು ಬೇಡವೆಂದ ಸೂಜಿ

ಪಶ್ಚಿಮ ಆಫ್ರಿಕಾದ ಅಬಿಜಾನಿಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದು ತೆಗೆದುಕೊಂಡಿರಲೇಬೇಕು ಎಂಬ ನಿಯಮವನ್ನು ಯಾರೋ ತಮ್ಮ ಮೇಲಿನ ಹಳೆಯ ಹಗೆ ತೀರಿಸಿಕೊಳ್ಳಲೆಂದೇ ಮಾಡಿದ್ದಾರೆ ಎಂದು ಬೂರಾವಿಯವರಿಗೆ ಖಾತ್ರಿಯಾಗಿತ್ತು. ಆಫ್ರಿಕಾದ ಉತ್ತರ ತುದಿಯ ಸ್ಫಾಕ್ಸಿನ ರೈಲುಗಳಲ್ಲಿ ಮೂವತ್ತಾರು ವರ್ಷ ಟಿಕೆಟು ಪರೀಕ್ಷಿಸಿ ನಿವೃತ್ತರಾದವರು ಅವರು. ಸರಿಯಾದ ಕಾಗದವಿಲ್ಲದವರನ್ನೆಲ್ಲ ಗಾಡಿಯಿಂದ ಇಳಿಸಿ ಅರ್ಧ ಊರಿನ ಶಾಪ ಸಂಪಾದಿಸಿದ್ದರು. ಈಗ ಅರವತ್ತೆಂಟನೆಯ ವಯಸ್ಸಿನಲ್ಲಿ, ಚುಚ್ಚುಮದ್ದಿನ ದಾಖಲೆಯ ಅಂಗೈಯಗಲದ ಒಂದು ಹಳದಿ ಪುಸ್ತಕವಿಲ್ಲದೆ ಅವರನ್ನೇ ವಿಮಾನ ಹತ್ತಿಸುವುದಿಲ್ಲವಂತೆ.

ಹೋಗದೆ ಇರುವ ಹಾಗೂ ಇರಲಿಲ್ಲ. ಒಬ್ಬಳೇ ಮಗಳು ಓಲ್ಫಾ ಗಂಡನ ಕೆಲಸದ ದೆಸೆಯಿಂದ ಅಬಿಜಾನಿನಲ್ಲಿದ್ದಳು. ಎರಡು ಸಲ ಬಸುರಾಗಿ ಎರಡು ಸಲವೂ ಮಗುವನ್ನು ಮಣ್ಣಿಗೆ ಕೊಟ್ಟಿದ್ದಳು. ಈಗ ಮೂರನೆಯದು, ಐದು ತಿಂಗಳು. ಹಾಸಿಗೆ ಬಿಟ್ಟು ಏಳಬಾರದೆಂದು ವೈದ್ಯರು ಹೇಳಿದ್ದರು. "ಅಮ್ಮಾ, ಈ ಸಲ ನೀವಿಬ್ರೂ ಬನ್ನಿ. ಇನ್ನೊಂದ್ ಸಲ ಒಬ್ಬಳೇ ನನ್ ಕೈಲಾಗಲ್ಲ" ಎಂದು ಫೋನಿನಲ್ಲಿ ಅತ್ತಿದ್ದಳು.

ಲಸಿಕೆ ಕೇಂದ್ರದ ವೈದ್ಯೆ ಮುಚ್ಚುಮರೆಯಿಲ್ಲದ ಹೆಂಗಸು. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದಲೇ ಅಪಾಯವಾಗುವುದುಂಟು, ಲಕ್ಷಕ್ಕೊಬ್ಬರಿಗೋ ಇಬ್ಬರಿಗೋ. ಆದರೆ ಲಸಿಕೆಯಿಲ್ಲದೆ ಹೋಗಿ ಆ ಜ್ವರವೇ ಬಂದರೆ ಬದುಕಿ ಬರುವುದು ಕಷ್ಟ. ಯೋಚನೆ ಮಾಡಿ ಬನ್ನಿ, ಆದರೆ ಹೊರಡುವುದಕ್ಕೆ ಹತ್ತು ದಿನ ಮೊದಲೇ ಆಗಿರಬೇಕು ಎಂದಳು. ಇಷ್ಟೆಲ್ಲದರಲ್ಲಿ ಬೂರಾವಿಯವರ ಕಿವಿಗೆ ಬಿದ್ದದ್ದು 'ಲಕ್ಷಕ್ಕೊಬ್ಬರು' ಎಂಬುದು ಮಾತ್ರ. ಜೀವಮಾನವಿಡೀ ಲಾಟರಿಯಲ್ಲಿ ಒಂದು ಛತ್ರಿಯನ್ನೂ ಗೆಲ್ಲದ ಮನುಷ್ಯನಿಗೆ ಈ ಬಹುಮಾನ ಮಾತ್ರ ತಪ್ಪದೆ ತನಗೇ ಬರುವುದೆಂಬುದರ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮರುದಿನದಿಂದ ಮನೆಯಲ್ಲಿ ಸಂಶೋಧನೆ ಶುರುವಾಯಿತು. ಕಾಫಿ ಅಂಗಡಿಯ ಗೆಳೆಯರಲ್ಲಿ ಒಬ್ಬ ಔಷಧದ ಕಂಪನಿಗಳ ಸಂಚು ಬಯಲು ಮಾಡಿದ. ಇನ್ನೊಬ್ಬ ಬೆಳ್ಳುಳ್ಳಿ ತಿಂದರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ ಎಂದ. (ಸೊಳ್ಳೆ ಸುಳಿಯಿತೋ ಇಲ್ಲವೋ, ಒಂದು ವಾರ ಹೆಂಡತಿಯಂತೂ ಸುಳಿಯಲಿಲ್ಲ.)

ಹೆಂಡತಿ ವಸೀಲಾ ಇದನ್ನೆಲ್ಲ ಹದಿನೈದು ದಿನ ಕೇಳಿದಳು. ಹದಿನಾರನೆಯ ದಿನ ಮೀನು ತರಲು ಹೋದವಳು ಮೀನಿನ ಜೊತೆಗೆ ಹಳದಿ ಪುಸ್ತಕವನ್ನೂ ತಂದು ಮೇಜಿನ ಮೇಲಿಟ್ಟಳು.

"ಚುಚ್ಚಿಸ್ಕೊಂಡ್ ಬಂದೆ" ಎಂದಳು.

"ನನ್ನ ಒಂದ್ ಮಾತು ಕೇಳ್ದೆ?"

"ಕೇಳ್ತಾನೇ ಇದ್ದೆನಲ್ರೀ, ಹದಿನೈದು ದಿನದಿಂದ."

ಬೂರಾವಿಯವರು ಅವಳ ಎದುರು ಕುರ್ಚಿ ಹಾಕಿಕೊಂಡು ಕೂತರು. ಗಂಟೆಗೊಮ್ಮೆ ಹಣೆ ಮುಟ್ಟಿ ನೋಡಿದರು. ಯಾಕೆಂದು ಅವಳಿಗೆ ಗೊತ್ತಿತ್ತು. ಬೂರಾವಿಯವರ ಅಣ್ಣ ತೀಜಾನಿ ಇಪ್ಪತ್ತಾರನೆಯ ವಯಸ್ಸಿನಲ್ಲಿ ಹಲ್ಲುನೋವಿಗೆಂದು ಒಂದು ಸೂಜಿ ಚುಚ್ಚಿಸಿಕೊಂಡು, ಅರ್ಧ ಗಂಟೆಯಲ್ಲಿ ಇವರ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದ. ಆ ಮಾತನ್ನು ಅವರು ಕಾಫಿ ಅಂಗಡಿಯಲ್ಲಿ ಎಂದೂ ಆಡಿದವರಲ್ಲ.

"ತೀಜಾನಿ ಹೋಗಿ ನಲವತ್ತಾರು ವರ್ಷ ಆಯ್ತು ಕಣ್ರೀ" ಎಂದಳು ವಸೀಲಾ ಮೆಲ್ಲಗೆ. "ಓಲ್ಫಾ ಬದುಕಿದಾಳೆ."

ಅವರು ಇನ್ನೊಮ್ಮೆ ಅವಳ ಹಣೆ ಮುಟ್ಟಿದರು. ವಸೀಲಾಳಿಗೆ ಒಂದು ದಿನ ಮೈ ಬೆಚ್ಚಗಾಯಿತು. ಮರುದಿನ ಎದ್ದು ಮೀನು ಹಾಕಿ ಕುಸ್ಕುಸ್ ಮಾಡಿದಳು. ತಮ್ಮ ಸಂಶೋಧನೆಗೆ ಇಂಥ ಅವಮಾನವಾದೀತೆಂದು ಬೂರಾವಿಯವರು ಎಣಿಸಿರಲಿಲ್ಲ. ಕೊನೆಯ ಬಾಣ ಬಿಟ್ಟರು. "ನನ್ನ ಬಿಟ್ಟು ನೀನು ಟ್ಯೂನಿಸ್ ತನಕವೂ ಹೋದವಳಲ್ಲ."

"ಟ್ಯೂನಿಸಲ್ಲಿ ನನ್ ಮಗಳಿರ್ಲಿಲ್ಲ" ಎಂದಳು ವಸೀಲಾ. ಸೆಪ್ಟೆಂಬರಿನ ಮೊದಲ ವಾರ ಒಬ್ಬಳೇ ಹೊರಟೂ ಹೋದಳು.

ಬೂರಾವಿಯವರು ವಿಜಯಿಯಾಗಿ ಮನೆಯಲ್ಲುಳಿದರು. ಮೊಟ್ಟೆ ಸೀಯಿಸಿಕೊಂಡು ತಿಂದರು. ಸಂಜೆ ಅಂಗಳದಲ್ಲಿ ಬನಿಯನ್ನಿನಲ್ಲಿ ಕೂತು, ಮಳೆ ಬೇಗ ಬಂದು ಹೆಚ್ಚಿದ್ದ ಸೊಳ್ಳೆಗಳನ್ನು ಪತ್ರಿಕೆಯಿಂದ ಬೀಸಿ ಓಡಿಸುತ್ತ, ಅಬಿಜಾನಿನ ಸೊಳ್ಳೆಗಳಿಂದ ಪಾರಾದ ತಮ್ಮ ವಿವೇಕವನ್ನು ನೆರೆಯ ಹಮ್ಮಾದಿಗೆ ಬಣ್ಣಿಸಿದರು. ಮೂರನೆಯ ವಾರ ತಲೆನೋವು ಬಂತು. ಆಮೇಲೆ ಜ್ವರ. ಒಂದು ಬೆಳಿಗ್ಗೆ ಹಮ್ಮಾದಿ ಬಾಗಿಲು ತಟ್ಟಿದಾಗ ಬೂರಾವಿಯವರು ಅವನ ಟಿಕೆಟು ಕೇಳಿದರು. ಮೊದಲು ಅವನು ನಕ್ಕ. ಅವರು ಅಲ್ಲೇ ಕುಸಿದು ಬಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

ನಾಲ್ಕು ದಿನದ ಮೇಲೆ ಪ್ರಜ್ಞೆ ತಿಳಿಯಾದಾಗ ಎದುರಿಗೆ ಒಬ್ಬ ಯುವ ವೈದ್ಯ ನಿಂತಿದ್ದ.

"ಯಜಮಾನ್ರೇ, ಈಚೆಗೆ ಆಫ್ರಿಕಾಕ್ಕೆ ಹೋಗಿದ್ರಾ?"

"ಅರವತ್ತೆಂಟು ವರ್ಷದಿಂದ ಆಫ್ರಿಕಾದಲ್ಲೇ ಇದೀನಿ" ಎಂದರು ಬೂರಾವಿಯವರು. "ಸ್ಫಾಕ್ಸ್ ಬಿಟ್ಟು ಎಲ್ಲೂ ಹೋಗಿಲ್ಲ."

ಇದು ಪಶ್ಚಿಮ ನೈಲ್ ಜ್ವರ, ಇಲ್ಲಿನ ಸೊಳ್ಳೆಯಿಂದಲೇ ಬರುವಂಥದ್ದು, ಮಿದುಳಿಗೆ ಏರಿದೆ ಎಂದು ವೈದ್ಯ ವಿವರಿಸಿದ. ಎಡಗಾಲು ಮಾತು ಕೇಳಲು ತಿಂಗಳುಗಳೇ ಬೇಕು, ಪೂರ್ತಿ ಕೇಳದೆಯೂ ಇರಬಹುದು.

"ಇದಕ್ಕೆ ಲಸಿಕೆ ಇಲ್ವಾ?"

"ಇಲ್ಲ. ಇದ್ದಿದ್ರೆ ಹಾಕಿಸ್ಕೊಳ್ತಿದ್ರಾ?"

ಬೂರಾವಿಯವರು ಗೋಡೆಯ ಕಡೆ ತಿರುಗಿದರು. ಪಕ್ಕದ ಹಾಸಿಗೆಯಲ್ಲಿ ಅದೇ ಜ್ವರದ ಒಬ್ಬ ಆಲಿವ್ ತೋಟದವನಿದ್ದ. ಮಧ್ಯಾಹ್ನ ಅವನ ಮುಖಕ್ಕೆ ಬಟ್ಟೆ ಹೊದಿಸಿದರು.

ಅಬಿಜಾನಿಗೆ ಸುದ್ದಿ ಮುಟ್ಟಿಸಬಾರದೆಂದು ಅವರು ಹಮ್ಮಾದಿಯಿಂದ ಆಣೆ ಹಾಕಿಸಿಕೊಂಡರು. ಓಲ್ಫಾಳಿಗೆ ಹೆಣ್ಣು ಮಗುವಾಯಿತು, ಅವಧಿಗೆ ಮೊದಲೇ, ಆದರೆ ಜೀವಂತ. ವಸೀಲಾ ಫೋನು ಮಾಡಿ ಹೇಳಿದಾಗ ಅವರ ನಾಲಿಗೆ ತೊದಲಿತು. ಬಾಯಲ್ಲಿ ಖರ್ಜೂರ ಇದೆ ಎಂದರು. ಮರುದಿನವೂ ಅದನ್ನೇ ಹೇಳಿದರು.

ಮೂರನೆಯ ದಿನ ಅವಳು ಕೇಳಿದಳು. "ಇನ್ನೂ ಅದೇ ಖರ್ಜೂರಾನಾ?"

ಇದು ಬೇರೆಯದು ಎಂದರು ಅವರು.

"ಹಮ್ಮಾದಿಯ ಹೆಂಡತಿ ಆಣೆ ಇಟ್ಟಿರ್ಲಿಲ್ವಲ್ಲ" ಎಂದಳು ಅವಳು. "ಓಲ್ಫಾಗೆ ರಕ್ತ ಹೋಗೋದು ನಿಂತಿಲ್ಲ. ಮಗು ಅಂಗೈಯಷ್ಟಿದೆ. ನಾನು ಬರ್ಲಾ? ನೀವೇ ಹೇಳಿ."

ನಲವತ್ತು ವರ್ಷದ ಸಂಸಾರದಲ್ಲಿ ನಿರ್ಧಾರ ತಮಗೇ ಬಿಟ್ಟದ್ದು ಬಹುಶಃ ಇದೇ ಮೊದಲು. "ಬೇಡ" ಎಂದರು ಬೂರಾವಿಯವರು. "ಅವಳ ಹತ್ರಾನೇ ಇರು."

ವಸೀಲಾ ಡಿಸೆಂಬರಿನಲ್ಲಿ ಬಂದಳು. ಅವಳ ಬೈಗುಳಕ್ಕೆ ಬೂರಾವಿಯವರು ಎಂಟು ಬಗೆಯ ಉತ್ತರ ಸಿದ್ಧಮಾಡಿಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವಳು ಬೈಯಲಿಲ್ಲ. ಅವರ ಎಡಗಾಲನ್ನು ನೋಡಿದಳು, ಪೆಟ್ಟಿಗೆ ಕೆಳಗಿಟ್ಟಳು.

"ಮುಂದಿನ್ ಸಲ ನಾನೂ ಬರ್ತೀನಿ. ಆ ಸೂಜಿ ನಾಳೇನೇ ಹಾಕಿಸ್ಕೋತೀನಿ" ಎಂದರು ಅವರು, ಎಂಟರಲ್ಲಿ ಇಲ್ಲದ ಉತ್ತರವನ್ನು.

"ಈ ಸ್ಥಿತೀಲಿ ನಿಮ್ಗೆ ಕೊಡಲ್ವಂತೆ. ಲಸಿಕೆ ಕೇಂದ್ರದ ಡಾಕ್ಟ್ರಮ್ಮನ್ನ ಫೋನಲ್ಲೇ ಕೇಳಿದೆ." ವಸೀಲಾ ಅವರ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. "ಬೇಸಿಗೇಲಿ ಓಲ್ಫಾನೇ ಮಗೂನ ಕರ್ಕೊಂಡ್ ಬರ್ತಾಳೆ. ಮಗೂಗೂ ಇನ್ನೂ ಕಾಲು ನಿಂತಿಲ್ಲ. ಅದಕ್ಕಿಂತ ಮೊದ್ಲು ನಡೆಯೋದು ಕಲ್ತಿರಿ, ಅಷ್ಟು ಸಾಕು. ಹೂಂ, ಈಗ ಎಡಗಾಲು."