ಹೊರಗೆ ಹೋಗದ ಹಸಿ ಕಸ

ಸುಳ್ಳು ಹೇಳುವುದರಲ್ಲಿ ನನಗೆ ಹೆಚ್ಚಿನ ಅನುಭವವಿಲ್ಲ. ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದೆ. ನಿವೃತ್ತನಾದ ಮೇಲೆ ಮಾತ್ರ ಒಂದು ವಿಷಯ ತಿಳಿಯಿತು. ಹತ್ತು ಜನ ಸುತ್ತ ಕೂತು ಒಬ್ಬೊಬ್ಬರಾಗಿ ತಮ್ಮ ಸಾಧನೆ ಹೇಳಿಕೊಳ್ಳುತ್ತಾ ಬರುವಾಗ, ಸರದಿ ಹತ್ತಿರವಾದಂತೆ ಎಂಥ ಪ್ರಾಮಾಣಿಕನಿಗೂ ಎದೆ ಡವಗುಟ್ಟುತ್ತದೆ, ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾನೆ. ನನಗೆ ಆದದ್ದೂ ಅಷ್ಟೇ.

ಹಲಸೂರಿನ ನಮ್ಮ ಬೀದಿಯವರು ಕಟ್ಟಿಕೊಂಡಿರುವ ಬಳಗಕ್ಕೆ ‘ಹಸಿರು ಹರಟೆ’ ಎಂದು ಹೆಸರು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಭೂಮಿಗೆ ಭಾರವಾಗದಂತೆ ಬದುಕುವುದು ಹೇಗೆ ಎಂದು ಚರ್ಚಿಸುತ್ತೇವೆ. ತಟ್ಟೆ, ಲೋಟ ಅವರವರೇ ತರಬೇಕು. ಮುಖ್ಯಸ್ಥೆ ಸರೋಜಮ್ಮ ಮೇಡಂ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ಕನ್ನಡಕದ ಮೇಲಿಂದ ನೋಡಿದರೆ ಅರವತ್ತು ದಾಟಿದ ನನಗೂ ಹೋಂವರ್ಕ್ ಮರೆತ ಹಾಗೆ ಅನಿಸುತ್ತದೆ. ಮೊದಲ ಸಭೆಯಲ್ಲಿ ಎದುರು ಮನೆಯ ಕಾರ್ತಿಕ್, ಮಾರತ್ತಹಳ್ಳಿಯ ಆಫೀಸಿಗೆ ಸೈಕಲ್ ತುಳಿದುಕೊಂಡು ಹೋಗುತ್ತೇನೆ ಎಂದ. ಇನ್ನೊಬ್ಬರು ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುತ್ತಾರಂತೆ. ನನ್ನ ಸರದಿ ಬಂತು. ಹೇಳಲು ಏನೂ ಇರಲಿಲ್ಲ. ‘ಒಂದು ವರ್ಷದಿಂದ ನಮ್ಮ ಮನೆಯ ಹಸಿ ಕಸ ಹೊಸಿಲು ದಾಟಿಲ್ಲ. ಎಲ್ಲಾ ಗೊಬ್ಬರ!’ ಎಂದುಬಿಟ್ಟೆ. ಜೋರು ಚಪ್ಪಾಳೆ ಬಿತ್ತು. ಚಪ್ಪಾಳೆ ಇಷ್ಟು ಹಿತವಾಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾತು ಪೂರ್ತಿ ಬುಡವಿಲ್ಲದ್ದೇನಲ್ಲ. ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆಗಳನ್ನು ತಂದು, ಹದಿನೈದು ದಿನ ಶ್ರದ್ಧೆಯಿಂದ ತರಕಾರಿ ಸಿಪ್ಪೆ ಹಾಕಿದ್ದೆ. ಹದಿನಾರನೆಯ ದಿನ ಬಿಳಿ ಹುಳಗಳು ಮಡಕೆಯಿಂದಿಳಿದು ಅಡುಗೆಮನೆಯ ಕಡೆ ಹೊರಟವು. ನನ್ನ ಹೆಂಡತಿ ಜಯ ಸೆರಗು ಸಿಕ್ಕಿಸಿಕೊಂಡು, “ರೀ, ಈ ಮನೇಲಿ ಅವಾದ್ರೂ ಇರ್ಬೇಕು, ಇಲ್ಲಾ ನಾನಾದ್ರೂ ಇರ್ಬೇಕು, ತೀರ್ಮಾನ ಮಾಡಿ” ಎಂದಳು. ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಡಕೆಗಳು ತಾರಸಿಗೆ ಹೋದವು, ಮೇಲಿನದರಲ್ಲಿ ಪಾರಿವಾಳ ಮೊಟ್ಟೆ ಇಟ್ಟಿತು. ಹಸಿ ಕಸ ಮೊದಲಿನಂತೆ ದಿನಾ ಬೆಳಿಗ್ಗೆ ಸೆಲ್ವಮ್ಮನ ಕೈಗೆ ಹೋಗತೊಡಗಿತು. ಸೆಲ್ವಮ್ಮ ಎಂದರೆ ಸೀಟಿ ಊದುತ್ತಾ ಗಾಡಿ ತಳ್ಳಿಕೊಂಡು ಬಂದು ನಮ್ಮ ಬೀದಿಯ ಕಸ ಒಯ್ಯುವವರು. ಯಾರ ಮನೆಯಲ್ಲಿ ಏನು ಅಡುಗೆ, ಯಾರು ಡಯಟ್ ಎಂದು ಹೇಳಿಕೊಂಡು ಪಿಜ್ಜಾ ತರಿಸುತ್ತಾರೆ, ಎಲ್ಲವೂ ಅವರಿಗೆ ಗೊತ್ತು.

ನಮ್ಮ ಬಳಗದಲ್ಲಿ ಒಂದು ಪದ್ಧತಿ ಇದೆ. ಸಭೆ ನಡೆಯುವ ಮನೆಯವರು, ತಮ್ಮಲ್ಲಿ ಗೊಬ್ಬರವಿದ್ದರೆ, ಬಂದವರಿಗೆಲ್ಲ ಒಂದೊಂದು ಹಿಡಿ ಕೊಡಬೇಕು. ಮೊಸರಿಗೆ ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ, ಅದು ಅವರ ಮಡಕೆಗೆ ಹೆಪ್ಪು. ಈ ತಿಂಗಳ ಸಭೆ ನಮ್ಮ ಮನೆಯಲ್ಲಿ ಎಂದು ಮೇಡಂ ಘೋಷಿಸಿದ ಕ್ಷಣದಿಂದ ನನಗೆ ಊಟ ರುಚಿಸಲಿಲ್ಲ. ಕೊನೆಗೆ ಕಲ್ಯಾಣ ನಗರದ ಕಡೆಗೆ, ನಮ್ಮವರ್ಯಾರೂ ಓಡಾಡದ ಒಂದು ನರ್ಸರಿಗೆ ಹೋಗಿ ಗೊಬ್ಬರ ಕೊಂಡೆ. ಅದು ಬಂದದ್ದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ. ಕಳ್ಳಮಾಲು ಸಾಗಿಸುವವನಂತೆ ಬೆಡ್‌ಶೀಟ್ ಸುತ್ತಿ ಆಟೊದಲ್ಲಿ ತಂದೆ. ಪಾರಿವಾಳದ ಮಡಕೆಯನ್ನು ಮೊಟ್ಟೆ ಅಲುಗದಂತೆ ಪಕ್ಕಕ್ಕಿಟ್ಟು, ಕೆಳಗಿನ ಎರಡಕ್ಕೆ ಗೊಬ್ಬರ ತುಂಬಿದೆ. ತೀರಾ ನಯವಾಗಿ ಕಂಡಿತು; ಮನೆಯದೆಂದು ಯಾರೂ ನಂಬುವಂತಿರಲಿಲ್ಲ. ಅದಕ್ಕೆ ಒಂದಿಷ್ಟು ಮೊಟ್ಟೆ ಸಿಪ್ಪೆ ಪುಡಿಮಾಡಿ ಬೆರೆಸಿದೆ. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಜಯ, “ಇಷ್ಟು ಕಷ್ಟ ಪಡೋ ಬದ್ಲು ನಿಜವಾಗ್ಲೂ ಮಾಡ್ಬಹುದಿತ್ತಲ್ರೀ” ಎಂದಳು. ನಾನು ಕೇಳಿಸದವನಂತೆ ಕಲೆಸುತ್ತಾ ಕೂತೆ.

ಇಷ್ಟಾದರೆ ಪಾರಾಗುತ್ತಿದ್ದೆನೇನೋ. ಗುರುವಾರ ವಾಟ್ಸಾಪಿನಲ್ಲಿ ಮೇಡಂ ಸಂದೇಶ ಬಂತು: ‘ಈ ಸಲ ವಿಶೇಷ ಅತಿಥಿ, ನಮ್ಮ ಬೀದಿಯ ಸೆಲ್ವಮ್ಮ. ಅವರ ಅನುಭವ ಕೇಳೋಣ.’ ಕೆಳಗೆ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದ್ದರು. ನಾನೂ ಹಾಕಿದೆ. ನನ್ನದು ಮಾತ್ರ ನಿಜವಾದ ಪ್ರಾರ್ಥನೆ.

ಮರುದಿನ ಬೆಳಿಗ್ಗೆ ಸೀಟಿ ಕೇಳಿದ್ದೇ ಗೇಟಿಗೆ ಓಡಿದೆ. ಸೆಲ್ವಮ್ಮನ ಮುಖದಲ್ಲಿ ಸಂಭ್ರಮ. “ಸಾರ್, ಮೇಡಂ ಕರ್ದಿದಾರೆ, ನಿಮ್ಮನೇಲೇ ಅಂತೆ! ಇಷ್ಟ್ ವರ್ಷದಲ್ಲಿ ನನ್ನ ಯಾರೂ ಹಿಂಗೆ ಕೂರ್ಸಿ ಕೇಳಿಲ್ಲ. ಏನ್ ಮಾತಾಡ್ಲಿ ಸಾರ್?”

“ಏನೂ ಮಾತಾಡೋದು ಬೇಡ ಸೆಲ್ವಮ್ಮ. ಸುಮ್ನೆ ಬಂದು ಕಾಫಿ ಕುಡ್ಕೊಂಡು ಹೋಗಿ” ಎಂದೆ.

ಅವರ ಮುಖ ಸ್ವಲ್ಪ ಸಣ್ಣದಾಯಿತು. “ಸರಿ ಸಾರ್” ಎಂದು ನನ್ನ ಕೈಯಿಂದ ಹಸಿ ಕಸದ ಬುಟ್ಟಿ ತೆಗೆದುಕೊಂಡು, ಸುರಿದು, ವಾಪಸು ಕೊಟ್ಟು ಹೋದರು. ಮೊದಲ ಬಾರಿಗೆ ಯಾರೋ ಅವರ ಮಾತು ಕೇಳುತ್ತೇವೆ ಎಂದಾಗ, ಬಾಯಿ ಮುಚ್ಚಿಕೊಂಡಿರಿ ಎಂದವನು ನಾನು. ಆ ದಿನವೆಲ್ಲ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಅವರು ಸುಮ್ಮನಿದ್ದರೆ ಸಾಕಪ್ಪಾ ಎಂದೇ ಹಂಬಲಿಸುತ್ತಿದ್ದೆ.

ಭಾನುವಾರ ಎಲ್ಲರೂ ತಟ್ಟೆ, ಲೋಟ, ಗೊಬ್ಬರಕ್ಕೊಂದು ಡಬ್ಬಿ ಹಿಡಿದು ಬಂದರು. ಮೊದಲೇ ಗೊಬ್ಬರ ಹಂಚಿ ಮುಗಿಸಿದೆ. ಕಾರ್ತಿಕ್ ಮೂಸಿ ನೋಡಿ, “ಅಂಕಲ್, ಸೂಪರ್! ಮಳೆ ಬಂದ್ ಮಣ್ಣಿನ ವಾಸ್ನೆ” ಎಂದ. ನಾನು ವಿನಯದಿಂದ ತಲೆ ತಗ್ಗಿಸಿದೆ. ಸೆಲ್ವಮ್ಮ ರೇಷ್ಮೆಯಂಥ ಹಸಿರು ಸೀರೆಯುಟ್ಟು, ಮಲ್ಲಿಗೆ ಮುಡಿದು, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೇಡಂ ಏನು ಕೇಳಿದರೂ “ಚೆನ್ನಾಗಿದೆ ಮೇಡಂ” ಎಂದಷ್ಟೇ ಹೇಳಿ ನನ್ನ ಕಡೆ ನೋಡುತ್ತಿದ್ದರು. ನನಗೆ ಕೊಟ್ಟ ಮಾತಿಗೆ ಅಷ್ಟು ನಿಷ್ಠೆ. ಕೊನೆಗೆ ಮೇಡಂ, “ಹೋಗ್ಲಿ, ಇದೊಂದಾದ್ರೂ ಹೇಳಿ ಸೆಲ್ವಮ್ಮ. ನಮ್ಮ ಬೀದೀಲಿ ಎಲ್ಲಾರಿಗಿಂತ ಶಿಸ್ತು ಯಾರ್ ಮನೇದು?” ಎಂದು ಕೇಳಿದರು.

ಸೆಲ್ವಮ್ಮನಿಗೆ ತಡೆಯಲಾಗಲಿಲ್ಲ. “ಇನ್ಯಾರ್ದು ಮೇಡಂ, ಈ ಸಾರ್‌ದೇ! ದಿನಾ ಹಸಿ ಕಸ ಬೇರೆ ಬುಟ್ಟೀಲಿ ನೀಟಾಗಿ ತಂದ್ಕೊಡ್ತಾರೆ. ಒಂದ್ ಪ್ಲಾಸ್ಟಿಕ್ ಇರಲ್ಲ, ಒಂದ್ ಪೇಪರ್ ಇರಲ್ಲ. ಮಳೆ ಬರ್ಲಿ, ಹಬ್ಬ ಇರ್ಲಿ, ಒಂದಿನಾನೂ ತಪ್ಸಿಲ್ಲ!”

ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ದಿನಾ?” ಎಂದರು. “ದಿನಾ ಮೇಡಂ” ಎಂದರು ಸೆಲ್ವಮ್ಮ, ಹೆಮ್ಮೆಯಿಂದ.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ನರ್ಸರಿ, ಪ್ಲಾಸ್ಟಿಕ್ ಚೀಲ, ಬೆಡ್‌ಶೀಟ್. ಕಾರ್ತಿಕ್ ಡಬ್ಬಿಯೊಳಗೆ ಇಣುಕಿ, “ಅಂಕಲ್, ಹಂಗಾದ್ರೆ ಈ ಮೊಟ್ಟೆ ಸಿಪ್ಪೆ?” ಎಂದು ಕೇಳಿದ. “ಅದು ನಮ್ದೇ ಕಣಪ್ಪ” ಎಂದೆ. ಅಡುಗೆಮನೆಯಿಂದ ಜಯ ನಕ್ಕಿದ್ದು ಕೇಳಿಸಿತು, ಆಮೇಲೆ ಎಲ್ಲರೂ ನಕ್ಕರು. ಸೆಲ್ವಮ್ಮ ಮಾತ್ರ ನಗಲಿಲ್ಲ. ಹೊರಡುವಾಗ ಹತ್ತಿರ ಬಂದು, “ನಾನೇನಾದ್ರೂ ತಪ್ಪು ಹೇಳ್ಬಿಟ್ನಾ ಸಾರ್?” ಎಂದರು. “ಇಲ್ಲಮ್ಮ, ನಿಮಗೆ ಮಾತಾಡ್ಬೇಡಿ ಅಂದಿದ್ದು ನನ್ ತಪ್ಪು” ಎಂದೆ.

ಅವಮಾನಕ್ಕೆ ಮದ್ದೆಂದು ಮರುದಿನದಿಂದಲೇ ಗೊಬ್ಬರ ಮಾಡಲು ಕೂತೆ. ಪಾರಿವಾಳದ ಮರಿಗಳು ಹಾರಿಹೋಗಿದ್ದವು. ಹುಳ ಬಾರದಂತೆ ಒಣ ಎಲೆ ಹಾಕುವುದನ್ನು ಮೇಡಂ ಅವರೇ ಬಂದು ಕಲಿಸಿದರು. ಈ ಬಾರಿ ನಿಜವಾಗಿಯೂ ಒಂದು ವಾರ ಹಸಿ ಕಸ ಹೊಸಿಲು ದಾಟಲಿಲ್ಲ. ಎಂಟನೆಯ ದಿನ ಸೆಲ್ವಮ್ಮ ಸೀಟಿ ಊದದೆ ಗೇಟಿನ ಮುಂದೆ ನಿಂತರು.

“ಸಾರ್, ನನ್ ಮೇಲೆ ಕೋಪಾನಾ? ಅವತ್ತಿಂದ ನೀವು ಹಸಿ ಕಸಾನೇ ಕೊಡ್ತಿಲ್ಲ.”

“ಅಯ್ಯೋ, ಕೋಪ ಅಲ್ಲಮ್ಮ. ಈಗ ನಿಜವಾಗ್ಲೂ ಮನೇಲೇ ಗೊಬ್ಬರ ಮಾಡ್ತಿದೀನಿ!”

ಸೆಲ್ವಮ್ಮ ನನ್ನನ್ನು ಮರುಕದಿಂದ ನೋಡಿದರು. ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, “ನನ್ ಹತ್ರಾನೂ ಯಾಕ್ ಸಾರ್ ಹಂಗ್ ಹೇಳ್ತೀರಾ?” ಎಂದರು.

ತಾರಸಿಗೆ ಕರೆದೊಯ್ದು ಮಡಕೆ ತೋರಿಸೋಣವೆನಿಸಿತು. ಅದರೊಳಗೆ ಅರ್ಧದಷ್ಟು ಇನ್ನೂ ನರ್ಸರಿಯದೇ ಇದೆ ಎಂದು ನೆನಪಾಗಿ ಸುಮ್ಮನಾದೆ. ಈಗ ದಿನಾ ಬೆಳಿಗ್ಗೆ ಎರಡು ಬಾಳೆಹಣ್ಣಿನ ಸಿಪ್ಪೆ, ಒಂದಿಷ್ಟು ಕಾಫಿ ಚರಟವನ್ನು ಮಡಕೆಗೆ ಹಾಕದೆ ಬೇರೆ ತೆಗೆದಿಟ್ಟು, ಸೀಟಿ ಕೇಳಿದೊಡನೆ ಒಯ್ದು ಸೆಲ್ವಮ್ಮನಿಗೆ ಕೊಡುತ್ತೇನೆ. ಅವರು ನಗುತ್ತಾರೆ, ನನಗೂ ಸಮಾಧಾನ. ಮುಂದಿನ ಸಭೆಯಲ್ಲಿ ಇದನ್ನು ಮೇಡಂಗೆ ಹೇಗೆ ಹೇಳುವುದೆಂದು ಮಾತ್ರ ಈಗಿನಿಂದಲೇ ಎದೆ ಡವಗುಟ್ಟುತ್ತಿದೆ.