ಬಲಗಡೆ ಸೀಟು ಮಂಜೂರು ಮಾಡುವ ಬಗ್ಗೆ

ದಿನಾಂಕ: 18-03-2019, ಸೋಮವಾರ
ಸ್ಥಳ: ಹುಣಸಮಾರನಹಳ್ಳಿ, ನಡುಮನೆ

ಇಂದ,
ಕುಮಾರಿ ರಾಧಾಮಣಿ ಎಂ., ಬಿ.ಎ.,
ಕೆಎ-50 ನೋಂದಣಿಯ ಬಿಳಿ ಎಸ್‌ಯುವಿ ಗಾಡಿಯ ಮಾಲೀಕಳು (ಆರ್‌ಸಿ ಕಾರ್ಡಿನ ಪ್ರಕಾರ ಮಾತ್ರ),
ಹಿಂದಿನ ಸೀಟು, ಮಧ್ಯಭಾಗ.

ಗೆ,
ಶ್ರೀ ಮುನಿಆಂಜಿನಪ್ಪನವರು,
ಸದರಿ ಗಾಡಿಯ ಮುಂದಿನ ಎಡಗಡೆ ಸೀಟಿನ ಖಾಯಂ ಸದಸ್ಯರು ಹಾಗೂ ಅರ್ಜಿದಾರಳ ತಂದೆ,
ಜಗುಲಿ.

ಮಾನ್ಯರೇ,

ವಿಷಯ: ಸದರಿ ಗಾಡಿಯನ್ನು ಚಿಕ್ಕಪ್ಪನ ಮಗ ಉಮೇಶಣ್ಣನ ಹೆಸರಿಗೆ ವರ್ಗಾಯಿಸುವುದನ್ನು ತಡೆಹಿಡಿದು, ಅದರ ಬಲಗಡೆ ಸೀಟು ಮತ್ತು ಬೀಗದ ಕೈಯನ್ನು ಅರ್ಜಿದಾರಳಿಗೆ ಮಂಜೂರು ಮಾಡಿಕೊಡುವ ಬಗ್ಗೆ.

ಉಲ್ಲೇಖ:
1. ದಿನಾಂಕ 16-03-2019ರ ಸಂಜೆ ತಾವು ಕಡಲೆಪುರಿ ತಿನ್ನುತ್ತಾ ನೀಡಿದ ಮೌಖಿಕ ಆದೇಶ: “ಶುಕ್ರವಾರ ಉಮೇಶ ಫಾರಂ ತತ್ತಾನೆ, ತೆಪ್ಗೆ ಸೈನ್ ಆಕು.”
2. ಗಾಡಿಯ ಜೊತೆ ಬಂದ ಕೈಪಿಡಿ, ಪುಟ 1ರಿಂದ 312 (ಮನೆಯಲ್ಲಿ ನಾನೊಬ್ಬಳೇ ಓದಿರುವುದು).
3. ಅರ್ಜಿದಾರಳ ದಿನಚರಿ, 2016ರಿಂದ ಇಲ್ಲಿಯವರೆಗೆ (ಗಾಡಿಗೆ ಸಂಬಂಧಿಸಿದ ಪುಟಗಳು ಮಾತ್ರ. ಉಳಿದವನ್ನು ಯಾರೂ ಓದತಕ್ಕದ್ದಲ್ಲ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಇದನ್ನು ಬಾಯಲ್ಲೇ ಹೇಳೋಣವೆಂದು ನಾನು ಮೂರು ಸಲ ಜಗುಲಿಯವರೆಗೆ ಬಂದು, ಮೂರು ಸಲವೂ ತಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿರುತ್ತೇನೆ. ಮೂರನೆಯ ಸಲ ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಅದಕ್ಕೆ ಕ್ಷಮೆ ಇರಲಿ.

ರಸ್ತೆಗೆ ಹೋದ ಜಮೀನಿನ ಫೈಲು ಹಿಡಿದು ಒಂಬತ್ತು ವರ್ಷ ಕಚೇರಿ ಕಚೇರಿ ಸುತ್ತಿದ ಮೇಲೆ ತಾವು ಬಾಯಿಮಾತನ್ನು ನಂಬುವುದನ್ನು ಪೂರ್ತಿ ಬಿಟ್ಟಿರುತ್ತೀರಿ. ಪಕ್ಕದ ಮನೆಯವರು ಏಣಿ ಕೇಳಲು ಬಂದರೂ “ಬರ್ದ್ ಕೊಡಿ, ಒಂದ್ ಜೆರಾಕ್ಸ್ ಮಡಿಕ್ಕಳಿ” ಎನ್ನುತ್ತೀರಿ. ಆದ್ದರಿಂದ ಈ ಅರ್ಜಿ. ಮೂರು ಪ್ರತಿ ಮಾಡಿಸಿರುತ್ತೇನೆ.

ಪ್ರಕರಣದ ವಿವರ ಕೆಳಕಂಡಂತಿದೆ.

1. ಗಾಡಿ ನನ್ನ ಹೆಸರಿಗೆ ಬಂದದ್ದು ನಾನು ಕೇಳಿ ಅಲ್ಲ. 2016ರ ಆಯುಧಪೂಜೆಗೆ ಮುಂಚೆ ತಾವು ಜೋಯಿಸರಾದ ವೆಂಕಟರಾಮಯ್ಯನವರ ಬಳಿ ಮನೆಮಂದಿಯ ಜಾತಕಗಳನ್ನೆಲ್ಲ ಒಯ್ದಿರಿ. ಅವರು ಅವನ್ನು ಹರಡಿಕೊಂಡು, “ನಿಮಗೆ ಚಕ್ರ ಆಗಿಬರಲ್ಲ, ಆ ಟ್ರ್ಯಾಕ್ಟರ್ ಗತಿ ಏನಾಯ್ತು ನೋಡಿದ್ರಲ್ಲ. ಉಮೇಶಂಗಂತೂ ಬೇಡವೇ ಬೇಡ. ನಾಲ್ಕು ಚಕ್ರಕ್ಕೆ ಮನೇಲಿ ಒಬ್ಬಳೇ ಲಾಯಕ್ಕು, ನಿಮ್ಮ ಮಗಳು” ಎಂದರು. ಆಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಅಷ್ಟು ದೊಡ್ಡ ಮಾತು ನನ್ನ ಬಗ್ಗೆ ಅದಕ್ಕೆ ಮುಂಚೆ ಯಾರೂ ಆಡಿರಲಿಲ್ಲವಾದ ಕಾರಣ ದಿನಚರಿಯಲ್ಲಿ ದಾಖಲಿಸಿರುತ್ತೇನೆ.

ಗಾಡಿ ಬಂದ ದಿನ ತಾವು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ಫೋಟೋ ತೆಗೆಸಿ, ವಾಪಸ್ ತೆಗೆದುಕೊಂಡಿರಿ. ಫೋಟೋದಲ್ಲಿ ನಾನು ನೆಲ ನೋಡುತ್ತಿರುವುದು ಕಂಡುಬರುತ್ತದೆ. ಒಂದು ಬೀಗದ ಕೈ ಉಮೇಶಣ್ಣನ ಸೊಂಟಕ್ಕೆ ಹೋಯಿತು. ಇನ್ನೊಂದು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕ ಇದ್ದು, ದಿನಾ ಒಂದು ದಾಸವಾಳ ಪಡೆಯುತ್ತಿದೆ.

2. ಗಾಡಿಗೆ ಜಾಗ ಬೇಕಾದ್ದರಿಂದ ನಮ್ಮ ಹಸು ಗೌರಿಯನ್ನು ಕೊಟ್ಟಿಗೆಯಿಂದ ಬೇವಿನ ಮರದ ಕೆಳಗೆ ವರ್ಗಾವಣೆ ಮಾಡಲಾಯಿತು. ಹಸುವೇನೋ ಹೋಯಿತು, ಇಲಿಗಳು ಹೋಗಲಿಲ್ಲ. ಹುಲ್ಲಿಗೆಂದು ಬರುತ್ತಿದ್ದವು, ವೈರು ಕಡಿಯಲೆಂದು ಉಳಿದವು. ವಾರಕ್ಕೊಮ್ಮೆ ಬಾನೆಟ್ ಎತ್ತಿ ಹೊಗೆಸೊಪ್ಪಿನ ಗಂಟು ಬದಲಾಯಿಸುವವಳು ನಾನು. ಟೈರಿನ ಗಾಳಿ ನೋಡುವವಳು, ಕೂಲೆಂಟ್ ನೋಡುವವಳು ನಾನು. ಉಮೇಶಣ್ಣ ಕೂಲೆಂಟ್ ಡಬ್ಬಿಗೆ ಬೋರ್‌ವೆಲ್ ನೀರು ಹೊಯ್ದಾಗ ಕೈಪಿಡಿಯ ಸಂಬಂಧಪಟ್ಟ ಪುಟ ತೆರೆದು ಸ್ಟೀರಿಂಗ್ ಮೇಲೆ ಇಟ್ಟು ಬಂದವಳೂ ನಾನೇ. ಅವರು ಅದರಲ್ಲಿ ಬೋಂಡ ಇಟ್ಟುಕೊಂಡು ತಿಂದಿರುತ್ತಾರೆ. ಪುಟ 187ರ ಎಣ್ಣೆ ಕಲೆ ಸಾಕ್ಷಿ.

ಅಮ್ಮ ಪ್ರತಿ ಶುಕ್ರವಾರ ಹಿಂದುಗಡೆಯ ಕ್ಯಾಮೆರಾಕ್ಕೆ ಅರಿಶಿನ ಕುಂಕುಮ ಇಡುತ್ತಾರೆ. “ಅದ್ರ ಕಣ್ಣಲ್ವೇನೇ ಅದು, ಬೊಟ್ಟಿಲ್ದಂಗೆ ಎಂಗ್ ಬಿಡ್ಲಿ?” ಎನ್ನುತ್ತಾರೆ. ಆ ಕಾರಣ ಶುಕ್ರವಾರದಂದು ರಿವರ್ಸ್ ಹಾಕಿದರೆ ಪರದೆಯಲ್ಲಿ ಬರೀ ಕೆಂಪು. ಉಮೇಶಣ್ಣ ಎರಡು ಸಲ ಅದೇ ಕೆಂಪಿನಲ್ಲಿ ತುಳಸಿಕಟ್ಟೆಗೆ ಗುದ್ದಿರುತ್ತಾರೆ. ಶುಕ್ರವಾರ ಸಂಜೆ ಅಮ್ಮ ಕಾಣದಂತೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುವ ಪಾಪವೂ ನನ್ನದೇ.

ಯಲಹಂಕದ ಮೆಕ್ಯಾನಿಕ್ ಗಯಾಸ್ ಅವರು ಕಳೆದ ಸಲ ತಮ್ಮ ಸೀಟಿನ ಮುಂದಿನ ಮ್ಯಾಟು ಎತ್ತಿ ತೋರಿಸಿ, “ಏನಕ್ಕಾ ಇದು, ಈ ಕಡೇನೂ ಬ್ರೇಕ್ ಐತಾ?” ಎಂದು ಕೇಳಿದರು. ತಮ್ಮ ಬಲಗಾಲು ಊರುವ ಜಾಗದಲ್ಲಿ ಮ್ಯಾಟು ತೂತಾಗಿರುತ್ತದೆ. ಉಮೇಶಣ್ಣ ಓಡಿಸುವಾಗ ತಾವು ಮೇಲಿನ ಹಿಡಿ ಹಿಡಿದು, ಇಲ್ಲದ ಬ್ರೇಕು ತುಳಿದು ತುಳಿದು ಆದದ್ದು. ಎರಡೂವರೆ ವರ್ಷದಲ್ಲಿ ಅವರು ಓಡಿಸುವಾಗ ತಾವು ಒಂದು ನಿಮಿಷವೂ ಕಣ್ಣು ಮುಚ್ಚಿದ್ದಿಲ್ಲ. ಈ ಅಂಶವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ಮುಂದೆ ಬೇಕಾಗುತ್ತದೆ.

3. ಸರ್ವಿಸ್ ಸೆಂಟರಿನವರ ಫೋನು ಮಾಲೀಕರಿಗೇ ಬರುತ್ತದೆ. “ಮೇಡಂ, ನಿಮ್ಮ ಡ್ರೈವಿಂಗ್ ಅನುಭವಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀರಾ?” ಎಂದು ಕೇಳುತ್ತಾರೆ. ಇಲ್ಲವೆನ್ನಲು ಸಂಕೋಚವಾಗಿ ಪ್ರತಿ ಸಲವೂ ಹತ್ತು ಕೊಟ್ಟಿರುತ್ತೇನೆ. ಇಲ್ಲದ ಅನುಭವಕ್ಕೆ ಐದು ಸಲ ಹತ್ತಕ್ಕೆ ಹತ್ತು.

4. ಟ್ರಾಫಿಕ್ ಪೊಲೀಸರ ನೋಟಿಸುಗಳೂ ಮಾಲೀಕರಿಗೇ ಬರುತ್ತವೆ. ಕುಮಾರಿ ರಾಧಾಮಣಿ ಮೇಖ್ರಿ ಸರ್ಕಲ್‌ನಲ್ಲಿ ಕೆಂಪು ದೀಪ ದಾಟಿರುತ್ತಾಳೆ. ಯಶವಂತಪುರದ ಮಾರ್ಕೆಟ್ ಯಾರ್ಡ್ ಬಳಿ ಒನ್‌ವೇಯಲ್ಲಿ ಎದುರಿಗೆ ನುಗ್ಗಿರುತ್ತಾಳೆ. ಜಾಲಹಳ್ಳಿಯಲ್ಲಿ, ಮೂರು ಬೇರೆ ಬೇರೆ ದಿನ, ಗಾಡಿ ಓಡಿಸುತ್ತಾ ಮೊಬೈಲ್‌ನಲ್ಲಿ ಮಾತಾಡಿರುತ್ತಾಳೆ. ಸ್ವಂತ ಚಿಕ್ಕಮ್ಮನ ಫೋನು ಬಂದರೂ ಅದು ತಾನಾಗಿ ನಿಲ್ಲಲಿ ಎಂದು ಕಾಯುವವಳು ನಾನು. ಇಂಥವು ಒಟ್ಟು ಏಳು ತಮಗೆ ಗೊತ್ತಿರುತ್ತವೆ. ಏಳೂ ಉಮೇಶಣ್ಣನವು.

5. ದಿನಾಂಕ 10-03-2019ರ ಭಾನುವಾರ ದೇವನಹಳ್ಳಿ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗನ ಸೋದರಮಾವ ವೆಂಕಟೇಶಪ್ಪನವರು ನನಗಿಂತ ಹೆಚ್ಚು ಹೊತ್ತು ಗಾಡಿಯನ್ನೇ ನೋಡಿ, ನಂಬರನ್ನು ಮೊಬೈಲಿಗೆ ಹಾಕಿಕೊಂಡು ಹೋದರು. ಗುರುವಾರ ಅವರ ಫೋನು ಬಂತು. ತಾವು ಸ್ಪೀಕರ್ ಹಾಕಿದ್ದರಿಂದ ಅಡುಗೆಮನೆಗೆಲ್ಲ ಕೇಳಿಸಿತು.

“ಉಡ್ಗಿ ನೋಡಕ್ಕೆ ಮೆತ್ಗವ್ಳೆ ಮುನಿಆಂಜಿನಪ್ಪೋರೆ, ರೆಕಾರ್ಡ್ ಬ್ಯಾರೆ ಏಳ್ತದಲ್ಲ! ಎಂಟ್ ಕೇಸು! ನಮ್ಮುಡ್ಗ ಸ್ಕೂಟ್ರಲ್ಲಿ ನಲವತ್ತು ದಾಟಲ್ಲ ಕಣ್ರೀ. ಇಬ್ರಿಗೂ ಎಂಗ್ ಒಂದಾಣಿಕೆ ಆಯ್ತದೆ?”

ತಾವು ಸಿಟ್ಟಿನಿಂದ, “ಎಂಟಲ್ಲ, ಏಳು! ಸರ್ಯಾಗ್ ಓದ್ಕಳಿ!” ಎಂದಿರಿ. ಆಮೇಲೆ ಫೋನಿಟ್ಟು ನನ್ನ ಕಡೆ ನೋಡಿದಿರಿ. ನಾನು ಸೊಪ್ಪು ಬಿಡಿಸುತ್ತಿದ್ದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಕಂಡು ಹೆದರಿದ್ದಾರೆ ಎಂದು ಆ ರಾತ್ರಿ ದಿನಚರಿಯಲ್ಲಿ ಬರೆದೆ. ಬೇಸರವಾಗಿರುತ್ತದೆಯೇ ಎಂದು ಎರಡು ಸಲ ಕೇಳಿಕೊಂಡೆ. ಆಗಿರಲಿಲ್ಲ.

ಇದಾದ ಎರಡೇ ದಿನಕ್ಕೆ ಉಲ್ಲೇಖ 1ರ ಆದೇಶ ಹೊರಬಿದ್ದಿರುತ್ತದೆ. ಮಗಳ ಹೆಸರು ಕೆಡುತ್ತಿದೆ, ಆದ್ದರಿಂದ ಗಾಡಿಯನ್ನು ಮಗಳ ಹೆಸರಿನಿಂದ ತೆಗೆಯಬೇಕು ಎಂಬುದು ತಮ್ಮ ವಾದ. ಕೆಡಿಸಿದವರ ಹೆಸರಿಗೇ ಅದನ್ನು ಬರೆದುಕೊಡುವುದು ಯಾವ ನ್ಯಾಯವೆಂದು ಅರ್ಜಿದಾರಳಿಗೆ ತಿಳಿಯದಾಗಿದೆ. ಜೋಯಿಸರ ಮಾತು ಬೇರೆ ಇದೆ.

6. ಇಲ್ಲಿಯವರೆಗೆ ಮುಚ್ಚಿಟ್ಟ ಸಂಗತಿಗಳು. ಕಳೆದ ವರ್ಷ ಮೂರು ತಿಂಗಳು ನಾನು ಯಲಹಂಕಕ್ಕೆ ಹೋಗುತ್ತಿದ್ದದ್ದು ಕಂಪ್ಯೂಟರ್ ಕ್ಲಾಸಿಗಲ್ಲ. ಕನೀಜ್ ಮೇಡಂ ಅವರ ಡ್ರೈವಿಂಗ್ ಸ್ಕೂಲಿಗೆ. ಮೊದಲ ದಿನ ಎದುರಿಗೆ ಎಮ್ಮೆಗಳು ಬಂದವು. ನಾನು ಗಾಡಿ ನಿಲ್ಲಿಸಿ, ಅವು ತಾವಾಗಿ ಹೋಗಲಿ ಎಂದು ಕಾದೆ.

“ಹಾರ್ನ್ ಹೊಡಿಯಮ್ಮ.”

“ಪಾಪ ಮೇಡಂ, ಅವು ನಡೀತಾ ಇದಾವೆ.”

“ಯಾ ಅಲ್ಲಾ! ಎಮ್ಮೆ ಮುಂದೇನೂ ನಾಚ್ಕೆನಾ ನಿಂಗೆ? ಒತ್ತು! ಊರಿಗೆಲ್ಲ ಕೇಳ್ಲಿ, ರಾಧಾಮಣಿ ಬಂದ್ಲು ಅಂತ!”

ಒತ್ತಿದೆ. ಎಮ್ಮೆಗಳು ಸರಿದವು. ಮನೆಗೆ ಬಂದು ದಿನಚರಿಯಲ್ಲಿ “ಹಾರ್ನ್, ಒಂದು ಸಲ” ಎಂದು ದಾಖಲಿಸಿರುತ್ತೇನೆ. ಆಗಸ್ಟ್‌ನಲ್ಲಿ ಲೈಸೆನ್ಸ್ ಬಂತು. ಬಟ್ಟೆ ಬೀರುವಿನಲ್ಲಿ, ಮಡಿಸಿದ ರೇಷ್ಮೆ ಸೀರೆಯೊಳಗೆ ಇರುತ್ತದೆ. ಅಮ್ಮನಿಗೆ ಮಾತ್ರ ಗೊತ್ತು.

7. ಈಗ ಮುಖ್ಯ ಅಂಶ. ದಿನಾಂಕ 10-02-2019ರ ಭಾನುವಾರ ಆರ್.ಟಿ. ನಗರದ ಛತ್ರದಲ್ಲಿ ಮದುವೆ ಊಟ ಮುಗಿಸಿ, ತಾವು ಎಲ್ಲರಿಗಿಂತ ಮೊದಲು ಬಂದು ತಮ್ಮ ಸೀಟಿನಲ್ಲಿ ಕೂತಿರಿ. ಬಿಸಿಲಿತ್ತು. ಉಮೇಶಣ್ಣನಿಂದ ಬೀಗದ ಕೈ ಇಸಿದುಕೊಂಡು ಬಂದು ನಾನೇ ಏಸಿ ಹಾಕಿಕೊಟ್ಟೆ. ಎರಡು ಹೋಳಿಗೆಯ ಪ್ರಭಾವದಿಂದ ತಾವು ಕಣ್ಣು ಮುಚ್ಚಿದಿರಿ. ಇತ್ತ ಉಮೇಶಣ್ಣ ಛತ್ರದ ಹಿಂದೆ ಗೆಳೆಯರ ಜೊತೆ ಊಟಕ್ಕಿಂತ ಹೆಚ್ಚಿನದನ್ನು ಸ್ವೀಕರಿಸಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಅಮ್ಮ ಅವರನ್ನು ಹಿಂದಿನ ಸೀಟಿಗೆ ತಳ್ಳಿ, ಕೈಗಡಿಯಾರ ನೋಡಿದರು.

“ನಾಕ್ ಗಂಟೆಗೆ ಗೌರಿ ಆಲ್ ಕರೀಬೇಕು. ನಿಂಗ್ ಬತ್ತದಲ್ಲ, ನಡಿ.”

“ಅಪ್ಪ?”

“ಮನ್ಗವ್ರೆ. ಆರ್ನ್ ಒಡೀಬ್ಯಾಡ ಅಷ್ಟೆ.”

ಹೊಡೆಯಲಿಲ್ಲ. ಹೆಬ್ಬಾಳದ ಸಿಗ್ನಲ್‌ನಲ್ಲಿ ಕೈಪಿಡಿಯಂತೆ ಬಿಳಿ ಗೆರೆಗಿಂತ ಒಂದು ಮಾರು ಹಿಂದೆಯೇ ನಿಲ್ಲಿಸಿದೆ. ಹಿಂದಿನವರೆಲ್ಲ ಒಟ್ಟಿಗೆ ಹಾರ್ನ್ ಶುರು ಮಾಡಿದರು. ಒಬ್ಬ ಆಟೋದವನು ಪಕ್ಕಕ್ಕೆ ಬಂದು, “ಮೇಡಂ, ಮುಂದೆ ಒಂದ್ ಸೈಟಷ್ಟು ಜಾಗ ಐತೆ, ಬುಕ್ ಮಾಡಿದೀರಾ?” ಎಂದ. ಇಷ್ಟು ಜನಕ್ಕೆ ನನ್ನಿಂದ ತೊಂದರೆಯಾಯಿತಲ್ಲ ಎಂಬ ಸಂಕೋಚದಿಂದ ಸ್ವಲ್ಪ ಮುಂದೆ ಹೋದೆ. ಅವರು ಇನ್ನೂ ಹೊಡೆದರು, ಇನ್ನೂ ಸ್ವಲ್ಪ ಹೋದೆ. ಗೆರೆ ಗಾಡಿಯ ಹೊಟ್ಟೆಯ ಕೆಳಗೆ ಹೋಯಿತು. ಎದುರಿನ ಪೊಲೀಸರು ಫೋಟೋ ತೆಗೆದರು.

ಎಂಟನೆಯ ನೋಟಿಸು ಅದು. ವೆಂಕಟೇಶಪ್ಪನವರ ಲೆಕ್ಕ ಸರಿಯಾಗಿಯೇ ಇತ್ತು.

ಮನೆಯ ಮುಂದೆ ಎಂದಿನಂತೆ ಗೇಟು ತೆಗೆಯಲು ನಾನೇ ಇಳಿದೆ. ಅಮ್ಮ ನಿಮ್ಮಿಬ್ಬರನ್ನೂ ಎಬ್ಬಿಸಿದರು. ತಾವು ಇಳಿದು ಮೈ ಮುರಿಯುವಾಗ ಉಮೇಶಣ್ಣ ಡ್ರೈವರ್ ಬಾಗಿಲಿಗೆ ಒರಗಿ ನಿಂತಿದ್ದರು.

“ಇವತ್ತು ಬೋ ನೆಟ್ಗೆ ಓಡ್ಸ್ದೆ ಕಣ್ಲಾ ಉಮೇಶ. ಒಂದ್ ಕುಲುಕಿಲ್ಲ!”

“ನಾನ್ ಯಾವತ್ತ್ ಸೊಟ್ಟಕ್ ಓಡ್ಸಿವ್ನಿ ದೊಡ್ಡಪ್ಪ?”

ಅವರು ಇಂದಿಗೂ ಅದನ್ನು ನಂಬಿಕೊಂಡಿದ್ದಾರೆ. ನಾನು ಗೇಟು ಹಿಡಿದು ನಿಂತಿದ್ದೆ. ಹೇಳಬಹುದಿತ್ತು. ತಾವು ಹೊಗಳಿದ್ದನ್ನು ಮಾತ್ರ ಕೇಳಿಸಿಕೊಂಡು ಗೌರಿಗೆ ಹುಲ್ಲು ಹಾಕಲು ಹೋದೆ.

ನೋಟಿಸಿನ ಫೋಟೋವನ್ನು ದಯವಿಟ್ಟು ಕನ್ನಡಕ ಹಾಕಿಕೊಂಡು ನೋಡುವುದು. ಬಲಗಡೆ ಸೀಟಿನಲ್ಲಿ ಅರ್ಜಿದಾರಳು, ಎರಡೂ ಕೈ ಸ್ಟೀರಿಂಗ್ ಮೇಲೆ, ಬೆನ್ನು ನೆಟ್ಟಗೆ. ಎಡಗಡೆ ಸೀಟಿನಲ್ಲಿ ತಾವು. ಮೇಲಿನ ಹಿಡಿ ಖಾಲಿ ಇದೆ. ತಮ್ಮ ಕೈಗಳು ಹೊಟ್ಟೆಯ ಮೇಲಿವೆ. ಬಾಯಿ ಸ್ವಲ್ಪ ತೆರೆದಿದೆ. ನಿದ್ದೆ.

ಆದ್ದರಿಂದ, ಹಾಗೂ ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ:

ಅ) ಶುಕ್ರವಾರದ ಫಾರಂಗೆ ನಾನು ಸಹಿ ಹಾಕುವುದಿಲ್ಲ. ಈ ವಾಕ್ಯವನ್ನು ಬಾಯಲ್ಲಿ ಹೇಳಲು ಆಗದ ಕಾರಣ ಇಲ್ಲಿ ಅಡಿಗೆರೆ ಎಳೆದಿರುತ್ತೇನೆ.

ಆ) ದೇವರ ಗೂಡಿನ ಬೀಗದ ಕೈಯನ್ನು ದಾಸವಾಳ ಸಮೇತ ನನಗೆ ಕೊಡಿಸುವುದು.

ಇ) ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರನ್ನು ತೆಗೆಯಲು ಅನುಮತಿ ನೀಡುವುದು. ಬೇಸಿಗೆಯಲ್ಲಿ ಅಮ್ಮನ ಸೀರೆ ಅದಕ್ಕೆ ಅಂಟಿಕೊಂಡು ಇಳಿಯುವಾಗ ಕಷ್ಟವಾಗುತ್ತದೆ. ತಾವು ಇಲ್ಲದ ದಿನಗಳಲ್ಲಿ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸುವ ಬಗ್ಗೆಯೂ ಪರಿಶೀಲಿಸುವುದು. ಗಾಡಿ ಬಂದಾಗಿನಿಂದ ಅವರು ಅಲ್ಲಿ ಕೂತಿಲ್ಲ.

ಈ) ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಬರವಣಿಗೆಯಲ್ಲೇ ನೀಡುವುದು. ದಿನಾಂಕ 10-02-2019ರಂದು ಮಧ್ಯಾಹ್ನ ಎರಡೂಕಾಲು ಗಂಟೆಯಿಂದ ಮೂರೂವರೆವರೆಗೆ ತಾವು ಯಾವ ಧೈರ್ಯದ ಮೇಲೆ ನಿದ್ದೆ ಮಾಡಿದಿರಿ ಎಂಬುದಕ್ಕೂ ಅದರಲ್ಲಿ ವಿವರಣೆ ಇರತಕ್ಕದ್ದು.

ವಂದನೆಗಳೊಂದಿಗೆ,

ಸದ್ಯಕ್ಕೆ ಹಿಂದಿನ ಸೀಟಿನಿಂದ,
ತಮ್ಮ ವಿಶ್ವಾಸಿ ಮಗಳು,
(ಸಹಿ) ರಾಧಾಮಣಿ ಎಂ.

ಅಡಕಗಳು:
1. ಲೈಸೆನ್ಸಿನ ಜೆರಾಕ್ಸ್ (ಮೂಲ ಪ್ರತಿ ಸೀರೆಯಲ್ಲಿದೆ).
2. ಏಳು ನೋಟಿಸುಗಳು, ಉಮೇಶಣ್ಣನವು.
3. ಎಂಟನೆಯ ನೋಟಿಸು, ಫೋಟೋ ಸಮೇತ, ನನ್ನದು.
4. ತೂತಾದ ಮ್ಯಾಟು, ಒಂದು (ಜಗುಲಿಯ ಕಂಬಕ್ಕೆ ಒರಗಿಸಿಡಲಾಗಿದೆ).
5. ತಮ್ಮ ಕಾಫಿ, ಒಂದು ಲೋಟ, ಪೂರ್ತಿ.

ಪ್ರತಿಗಳು: ಅರ್ಜಿದಾರಳ ತಾಯಿ ಶ್ರೀಮತಿ ಸುಬ್ಬಲಕ್ಷ್ಮಮ್ಮನವರಿಗೆ, ಮಾಹಿತಿಗಾಗಿ (ಅವರಿಗೆ ಓದಿ ಹೇಳಲಾಗಿದೆ, ನಕ್ಕಿರುತ್ತಾರೆ). ಇನ್ನೊಂದು ಪ್ರತಿ ಕಚೇರಿ ಕಡತಕ್ಕೆ, ಅಂದರೆ ದಿನಚರಿಗೆ.

ವಿಶೇಷ ಸೂಚನೆ: ಜಮೀನಿನ ಪಹಣಿಯಿಂದ ಹಿಡಿದು ಗೌರಿಯ ಲಸಿಕೆ ಚೀಟಿಯವರೆಗೆ ಮುಖ್ಯವಾದ ಕಾಗದಗಳನ್ನೆಲ್ಲ ತಾವು ಲ್ಯಾಮಿನೇಷನ್ ಮಾಡಿಸಿ ಇಟ್ಟಿರುತ್ತೀರಿ. ಅಡಕ 3ರಲ್ಲಿರುವ ಫೋಟೋವನ್ನೂ ಹಾಗೇ ಮಾಡಿಸಿಕೊಡಬೇಕಾಗಿ ವಿನಂತಿ. ಈ ಮನೆಯಲ್ಲಿ ನಾನು ನೆಲ ನೋಡದೆ ಇರುವ ಫೋಟೋ ಅದೊಂದೇ ಆಗಿರುತ್ತದೆ. ಅಂಗಡಿ ಯಲಹಂಕದಲ್ಲಿದೆ. ಕರೆದುಕೊಂಡು ಹೋಗಲು ನಾನು ಸಿದ್ಧಳಿದ್ದೇನೆ. ತಾವು ದಾರಿಯಲ್ಲಿ ಮಲಗಬಹುದು.